ಗಂಟೆಯೊಳಗೆ ಕಂಚಿನಕೋಟೆ ಇಟ್ಟದ್ದು

“ಕೇಳಿರಪ್ಪೋ ಕೇಳಿ! ರಾಜಕುಮಾರಿ ರತ್ನಾಜಿಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನು ಧಾರೆಯೆರೆದು ಕೊಟ್ಟು, ಅರ್ಧ ರಾಜ್ಯವನ್ನೂ ಕೊಡಲಾಗುವುದು. ತಪ್ಪಿದವನ ತಲೆ ಹಾರುವುದು!”

ಡಂಗುರ ಕಂಚಿನಕೋಟೆಗೂ ಬಂತು. ಊರು ಅಂಗೈಯಗಲ. ಆದರೆ ಅಲ್ಲಿ ಎರಕ ಹೊಯ್ದ ಗಂಟೆ ಬಾರಿಸಿದರೆ ಮಲಗಿದ ದೇವರೂ ಎದ್ದು ಕೂರಬೇಕು, ಅಂಥ ದನಿ! ಅಲ್ಲಿನ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದ ಕಾಳಾಚಾರಿ ಮೈಯ ಮಸಿ ತೊಳೆದುಕೊಂಡು ಹೊರಟೇಬಿಟ್ಟ. ರಾಜ್ಯ ಯಾರಿಗೆ ಬೇಕಿತ್ತು? ಹಿಂದೊಮ್ಮೆ ಎರಕ ನೋಡಲು ಬಂದಿದ್ದ ರತ್ನಾಜಿಯನ್ನು ಕಂಡಂದಿನಿಂದ ಪಾಪ, ಅವನಿಗೆ ಅನ್ನ ಸೇರುತ್ತಿರಲಿಲ್ಲ.

“ತಲೆ ಹೋದ್ರೆ ಏನೋ ಗತಿ, ಮಗನೇ?” ಎಂದು ತಾಯಿ ಅತ್ತಳು.

“ಇಲ್ಲಿದ್ರೂ ಕೊರಗಿ ಸಾಯ್ತೀನಿ ಕಣವ್ವ.”

ಅರಮನೆಯ ಸಭೆಯಲ್ಲಿ ಕಂಚಿನಕೋಟೆಯದೇ ದೊಡ್ಡ ಗಂಟೆ ತೂಗುತ್ತಿತ್ತು. ರತ್ನಾಜಿ ಮೊದಲ ಒಗಟು ಹೇಳಿದಳು: “ತಾನು ಕರಗಿ ಹರಿದುಹೋಗಿ, ತನ್ನ ರೂಪವನ್ನೆಲ್ಲ ಮಗುವಿಗೆ ಬಿಟ್ಟುಹೋಗುವ ತಾಯಿ ಯಾರು?”

“ಮೋಡ!” ಎಂದ ಪಡುವಣ ಸೀಮೆಯ ಅರಸುಮಗ, ಮೀಸೆ ತಿರುವುತ್ತ. ಸಂಜೆಗೆ ತಲೆ ಹಾರಿಸಲೆಂದು, ತಿರುವಿದ ಮೀಸೆಯ ಸಮೇತ ಅವನನ್ನು ಸೆರೆಮನೆಗೆ ಒಯ್ದರು.

“ಮೇಣ, ಅಮ್ಮಣ್ಣಿಯವರೇ,” ಎಂದ ಕಾಳಾಚಾರಿ. “ಮೇಣದ ಬೊಂಬೆಗೆ ಮಣ್ಣು ಮೆತ್ತಿ ಸುಡ್ತೀವಿ. ಮೇಣ ಹರಿದು ಹೋದ ಜಾಗಕ್ಕೆ ಕಂಚು ಹೊಯ್ತೀವಿ.”

“ಹಾಗಾದರೆ ಕೂಸು ಹುಟ್ಟಿದ ಮೇಲೆ ಕಟ್ಟಿದವನೇ ಒಡೆದು ಹಾಕುವ ತೊಟ್ಟಿಲು ಯಾವುದು?”

“ಮೊಟ್ಟೆ!” ಎಂದು ಸರದಾರನ ಮಗ ನಡುವೆ ಬಾಯಿ ಹಾಕಿ, ಅವನೂ ಸೆರೆಮನೆ ಸೇರಿದ.

“ಆ ಮಣ್ಣಿನ ಅಚ್ಚೇ. ಒಡೀದೆ ಗಂಟೆ ಹೊರಗೆ ಬರಲ್ಲ,” ಎಂದ ಕಾಳಾಚಾರಿ.

ರತ್ನಾಜಿ ದೊಡ್ಡ ಗಂಟೆಯತ್ತ ಕೈ ತೋರಿಸಿದಳು. “ತಾಮ್ರವಲ್ಲ, ತವರವಲ್ಲ, ತೂಕವೇ ಇಲ್ಲ. ನಿಮ್ಮೂರಿನವರೆಲ್ಲ ಸೇರಿ ಇದರೊಳಗೆ ಇಟ್ಟದ್ದೇನು?”

ಕಾಳಾಚಾರಿ ಬಾಯಿ ತೆರೆದ. ಮತ್ತೆ ಮುಚ್ಚಿದ. ಕೈ ಕಟ್ಟಿ ಸುಮ್ಮನೆ ನಿಂತ.

“ಹೇಳೋ!” ಎಂದು ದೊರೆ ಗದರಿದ. ಉತ್ತರವಿಲ್ಲ. ಕಟುಕನನ್ನು ಕರೆಸಿದರು. ಕತ್ತಿಯ ಅಲಗು ಕೊರಳಿಗೆ ತಾಗಿತು. ಆದರೂ ಹುಡುಗ ತುಟಿ ಬಿಚ್ಚಲಿಲ್ಲ. ಎಂಥ ಎದೆ ಅವನದು!

“ನಿಲ್ಲಿಸಿ! ಅವನು ಉತ್ತರ ಕೊಟ್ಟಾಯಿತು!” ಎಂದು ರತ್ನಾಜಿ ಓಡಿಬಂದಳು. “ಅಪ್ಪಾಜಿ, ಇವರೂರಲ್ಲಿ ಕಂಚು ಹೊಯ್ಯುವಾಗ ಒನಕೆ ನಿಲ್ಲುತ್ತದೆ, ಜಗಳ ನಿಲ್ಲುತ್ತದೆ, ತಾಯಂದಿರು ಜೋಗುಳವನ್ನೂ ನುಂಗಿಕೊಳ್ಳುತ್ತಾರೆ. ಅಚ್ಚು ತುಂಬುವ ಸದ್ದು ಎರಕದವನ ಕಿವಿಗೆ ಬೀಳದಿದ್ದರೆ ಗಂಟೆಯ ದನಿ ಒಡೆಯುತ್ತದಂತೆ. ಊರಿಗೆ ಊರೇ ಈ ಗಂಟೆಯೊಳಗೆ ಇಟ್ಟದ್ದು ಮೌನ.”

ದೊರೆ ಬೆವರು ಒರೆಸಿಕೊಂಡ. “ಅಷ್ಟು ಗೊತ್ತಿದ್ದವನು ಬಾಯಿ ಬಿಟ್ಟು ಹೇಳಬಾರದಿತ್ತೇನೋ? ತಲೆ ಹೋಗುತ್ತಿತ್ತಲ್ಲೋ!”

“ಹೇಳಿದ್ರೆ ಅದು ಇರ್ತಿರಲಿಲ್ಲ, ಬುದ್ಧಿ.”

ದೊರೆ ಸಿಂಹಾಸನದಿಂದ ಇಳಿದು ಬಂದು ಅವನನ್ನು ತಬ್ಬಿಕೊಂಡ. ಸೆರೆಯಲ್ಲಿದ್ದವರನ್ನು ಬಿಡಬೇಕೆಂದು ಹುಡುಗ ಕೇಳಿದ, ಬಿಟ್ಟರು. ಅರ್ಧ ರಾಜ್ಯ ಬೇಡವೆಂದ. ರತ್ನಾಜಿಯನ್ನು ಮಾತ್ರ ಬೇಡವೆನ್ನಲಿಲ್ಲ.