ತಗ್ಗಿನ ಊರಿನ ಕಾರುಗಳು

"ಬುದ್ಧಿ, ನಡೆಯುತ್ತಿರುವುದನ್ನು ಬಿಚ್ಚಿ ನೋಡಲೇಬೇಕೆ?" ಎಂದು ಪರಶಿವಮೂರ್ತಿ ಗುರುಗಳನ್ನು ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. "ಏನನ್ನು?" ಎಂದರು.

"ನಮ್ಮಣ್ಣನಿಗೂ ನನಗೂ ಮಾತು ನಿಂತು ಬಹಳ ಕಾಲವಾಯಿತು. ತಪ್ಪು ನನ್ನದೇ. ಅವನೀಗ ಹಾಸಿಗೆ ಹಿಡಿದಿದ್ದಾನಂತೆ. ಹೋದರೆ ಹಳೆಯದೆಲ್ಲ ಮತ್ತೆ ಮೇಲೆ ಬರುತ್ತದೆ. ಇಲ್ಲಿ ಪೂಜೆ ಇದೆ, ದಾಸೋಹದ ಕೆಲಸ ಇದೆ, ಮನಸ್ಸು ನೆಮ್ಮದಿಯಾಗಿದೆ. ಇನ್ನೊಂದಿಷ್ಟು ದಿನ ಕಳೆಯಲಿ ಎಂದುಕೊಂಡಿದ್ದೇನೆ."

ಗುರುಗಳು ಸುಲಿಯುವುದನ್ನು ನಿಲ್ಲಿಸದೆ ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನಿಗೊಂದು ಹಳೆಯ ಕಾರಿತ್ತು. ಹೆಂಡತಿಗಿಂತ ಮೊದಲು ಮನೆಗೆ ಬಂದ ಕಾರು. ಇದನ್ನು ಅವನು ಹೆಂಡತಿಗೆ ಆಗಾಗ ನೆನಪಿಸುತ್ತಲೂ ಇದ್ದ. ಆ ಕಾರಿನ ಕ್ಲಚ್ ಸೋಲತೊಡಗಿತು. ಸಮನೆಲದ ಮೇಲೆ ಹೋಗುವಾಗ ಏನೂ ತಿಳಿಯುತ್ತಿರಲಿಲ್ಲ. ಏರು ಬಂದರೆ ಮಾತ್ರ ಎಂಜಿನ್ ಅರಚಿಕೊಳ್ಳುತ್ತಿತ್ತು, ಚಕ್ರಗಳು ಕಿವುಡರಂತೆ ಸುಮ್ಮನಿರುತ್ತಿದ್ದವು. ಏನೋ ಸುಟ್ಟ ವಾಸನೆ ಬರುತ್ತಿತ್ತು. ವ್ಯಾಪಾರಿ ಗಾಜು ಇಳಿಸಿಕೊಂಡು ಗಾಳಿಯಾಡಲು ಬಿಡುತ್ತಿದ್ದ. ವಾಸನೆ ಹೋದರೆ ರೋಗವೂ ಹೋಯಿತು ಎಂಬುದು ಅವನ ಲೆಕ್ಕ.

ಅವನಿಗೆ ಒಬ್ಬಳೇ ಅಕ್ಕ. ತಾಯಿಯಿಲ್ಲದ ಕೂಸನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಮದುವೆಯಾಗಿ ಬೆಟ್ಟದ ಮೇಲಿನ ಊರು ಸೇರಿದ್ದಳು. ಈಗ ಅವಳಿಗೆ ಕೊನೆಗಾಲ ಬಂದಿತ್ತು. ತಮ್ಮನ ಮುಖ ಒಂದು ಸಲ ನೋಡಬೇಕು ಎಂದು ಹೇಳಿ ಕಳಿಸಿದಳು. ವ್ಯಾಪಾರಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ. ಅಂಗಡಿ ಮುಚ್ಚಿ ಆಗಲೇ ಹೊರಟ. ದಾರಿಯಲ್ಲಿ ಮೆಕ್ಯಾನಿಕ್ಕನ ಶೆಡ್ಡಿನ ಮುಂದೆ ನಿಲ್ಲಿಸಿ ಕಾರು ತೋರಿಸಿದ.

"ಕ್ಲಚ್ ಪ್ಲೇಟು ಸವ್ದೋಗ್ಯದೆ ಸಾವ್ಕಾರ್ರೆ. ಗೇರ್‌ಬಾಕ್ಸ್ ಇಳ್ಸಿ ಹೊಸ್ದು ಹಾಕ್ಬೇಕು. ಬುಟ್ಟೋಗಿ, ನಾಳೆ ಸಂಜೆಗೆ ಕೊಡ್ತೀನಿ" ಎಂದ ಮೆಕ್ಯಾನಿಕ್.

"ಓಡ್ತಾ ಅದಲ್ಲಪ್ಪ. ನಮ್ಮಕ್ಕನ್ನ ನೋಡ್ಕೊಂಡು ಬಂದ್ಬುಡ್ತೀನಿ. ಆಮೇಲೆ ಬಿಚ್ಚುವಂತೆ."

ಕಾರನ್ನು ಅಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಕಾರಿದ್ದವನ ಕಣ್ಣಿಗೆ ಬಸ್ಸು ಎಲ್ಲಿ ಬೀಳುತ್ತದೆ?

ಬೆಟ್ಟದ ಬುಡದಲ್ಲಿ ಮೊದಲ ಏರು ಸಿಕ್ಕಿತು. ಎಂಜಿನ್ ಅರಚಿತು, ಕಾರು ಹತ್ತಲಿಲ್ಲ. ಪಕ್ಕದಲ್ಲಿ ಇನ್ನೊಂದು ದಾರಿ ಕವಲೊಡೆದು ಏರಿಲ್ಲದೆ ಹೋಗಿತ್ತು. ಇದೂ ಬೆಟ್ಟ ಸುತ್ತಿಕೊಂಡು ಅಕ್ಕನ ಊರಿಗೇ ಹೋಗುತ್ತದೆ ಎಂದುಕೊಂಡು ಅವನು ಅತ್ತ ತಿರುಗಿಸಿದ. ಸ್ವಲ್ಪ ದೂರದಲ್ಲಿ ಮತ್ತೆ ಕವಲು. ಒಂದು ಮೇಲಕ್ಕೆ ಹೋಗಿತ್ತು, ಒಂದು ಕೆಳಕ್ಕೆ. ಕೆಳಗಿನದನ್ನು ಹಿಡಿದ. ಮುಂದೆಯೂ ಹಾಗೆಯೇ ಆಯಿತು. ಕಾರು ಹೊಸದರಂತೆ ಓಡತೊಡಗಿತು. ಅರಚಾಟವಿಲ್ಲ, ವಾಸನೆಯಿಲ್ಲ. ಮೆಕ್ಯಾನಿಕ್ ಸುಮ್ಮನೆ ಹೆದರಿಸಿದ್ದ ಎಂದು ಅವನಿಗೆ ನಗು ಬಂತು. ಎದುರಿನಿಂದ ಒಂದು ವಾಹನವೂ ಬರಲಿಲ್ಲ. ದಾರಿ ಖಾಲಿಯಿದೆ ಎಂದು ಅದಕ್ಕೂ ಸಂತೋಷಪಟ್ಟ.

ದಾರಿ ಒಂದು ಊರಿನಲ್ಲಿ ಮುಗಿಯಿತು. ಊರು ತಗ್ಗಿನಲ್ಲಿತ್ತು. ಸುತ್ತ ಎಲ್ಲಿ ನೋಡಿದರೂ ದಿಬ್ಬ. ಪ್ರತಿ ಮನೆಯ ಮುಂದೆ ಒಂದೊಂದು ಕಾರು ನಿಂತಿತ್ತು. ಅವನು ಚಿಕ್ಕವನಿದ್ದಾಗ ನೋಡಿದ ಕಾರುಗಳಿದ್ದವು, ಅವನ ಅಪ್ಪನ ಕಾಲದವೂ ಇದ್ದವು. ಎಲ್ಲವನ್ನೂ ತೊಳೆದು ಒರೆಸಿ ಅರಿಶಿನ ಕುಂಕುಮ ಇಟ್ಟಿದ್ದರು. ಜನ ಹೊರಗೆ ಬಂದರು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಒಬ್ಬ ಮುದುಕ ಒಂದು ಮನೆಯ ಮುಂದೆ ಹಾಕಿದ್ದ ಮಂಚವನ್ನು ಪಕ್ಕಕ್ಕೆ ಎಳೆದ.

"ಇಲ್ಲಿ ನಿಲ್ಸಿ ಸಾವ್ಕಾರ್ರೆ. ನಿಮ್ಗೇ ಅಂತ ಜಾಗ ಬುಟ್ಟಿದ್ದೊ."

ವ್ಯಾಪಾರಿ ಕಾರಿನಿಂದ ಇಳಿಯಲಿಲ್ಲ. "ಇಲ್ಲಿ ಯಾರಾದ್ರೂ ಮೆಕ್ಯಾನಿಕ್ ಇದಾರಾ?" ಎಂದು ಕೇಳಿದ.

ಮುದುಕ ಬೇರೆಯವರ ಮುಖ ನೋಡಿದ. ಅವರು ಅವನ ಮುಖ ನೋಡಿದರು. "ಮೆಕ್ಯಾನಿಕ್ ಯಾಕೆ? ನಮ್ಮೂರಲ್ಲಿ ಯಾರ ಗಾಡಿನೂ ಕೆಟ್ಟಿಲ್ವಲ್ಲ" ಎಂದ.

ವ್ಯಾಪಾರಿ ಅಲ್ಲಿ ನಿಲ್ಲಲಿಲ್ಲ. ಕಾರು ತಿರುಗಿಸಿ ಬಂದ ದಾರಿಯನ್ನೇ ಹತ್ತಲು ನೋಡಿದ. ಎಂಜಿನ್ ಊರೆಲ್ಲ ಕೇಳುವಂತೆ ಅರಚಿತು. ಕಾರು ಹಿಂದಕ್ಕೆ ಜಾರಿತು. ಮತ್ತೆ ಹತ್ತಿಸಿದ, ಮತ್ತೆ ಜಾರಿತು. ಜನ ನಗಲಿಲ್ಲ. ಕಲ್ಲು ತಂದು ಮೆಲ್ಲಗೆ ಚಕ್ರದ ಹಿಂದೆ ಇಟ್ಟರು. ಆಮೇಲೆ ಎಲ್ಲರೂ ಸೇರಿ ಕಾರನ್ನು ತಳ್ಳಿಕೊಂಡು ಬಂದು ಬಿಟ್ಟಿದ್ದ ಜಾಗದಲ್ಲೇ ನಿಲ್ಲಿಸಿದರು. ಆ ಮನೆಯ ಒಳಗೆ ಹಾಸಿಗೆ ಹಾಸಿತ್ತು, ಒಲೆಯ ಮೇಲೆ ಅನ್ನ ಬೆಂದಿತ್ತು.

ಕತ್ತಲಾಗುವಾಗ ಅವನು ತಲೆಯೆತ್ತಿ ನೋಡಿದ. ಬೆಟ್ಟದ ಅಂಚಿನಲ್ಲಿ ಒಂದು ದೀಪ ಕಂಡಿತು. ಬೆಟ್ಟದ ಊರಿನ ಕೊನೆಯ ಮನೆ ಅಕ್ಕನದು, ಆ ದೀಪ ಅವಳ ಬಾಗಿಲಿನದು. ಅಕ್ಕ ಇನ್ನೂ ಇದ್ದಾಳೆ, ಕಾಯುತ್ತಿದ್ದಾಳೆ ಎಂದು ಅವನ ಜೀವಕ್ಕೆ ಸಮಾಧಾನವಾಯಿತು. ಬೆಳಿಗ್ಗೆ ನಡೆದಾದರೂ ಹೋಗುತ್ತೇನೆ ಎಂದುಕೊಂಡ.

ಬೆಳಿಗ್ಗೆ ಒಂದು ಸದ್ದಿಗೆ ಎಚ್ಚರವಾಯಿತು. ಊರಿನವರೆಲ್ಲ ತಮ್ಮ ತಮ್ಮ ಕಾರಿನಲ್ಲಿ ಕೂತಿದ್ದರು. ಎಲ್ಲ ಎಂಜಿನ್‌ಗಳೂ ಓಡುತ್ತಿದ್ದವು. ಒಂದು ಕಾರೂ ಅಲುಗುತ್ತಿರಲಿಲ್ಲ. ಜನ ತಲೆ ವಾಲಿಸಿ ಕೇಳಿಸಿಕೊಂಡರು, ಆಕ್ಸಿಲರೇಟರ್ ಒತ್ತಿ ಇನ್ನೊಮ್ಮೆ ಕೇಳಿಸಿಕೊಂಡರು. ಆಮೇಲೆ ಆಫ್ ಮಾಡಿ ಇಳಿದು, ಓಡ್ತಾ ಅದೆ, ಓಡ್ತಾ ಅದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಒಳಗೆ ಹೋದರು.

ಅವನನ್ನು ಯಾರೂ ಹಿಡಿದಿರಲಿಲ್ಲ. ಬೆಟ್ಟದ ಕಾಲುದಾರಿ ಕಣ್ಣೆದುರಿಗೇ ಇತ್ತು. ಆದರೆ ಕಾರನ್ನು ಇಲ್ಲಿ ಬಿಟ್ಟು ಹೋಗುವುದು ಹೇಗೆ? ಇಷ್ಟು ವರ್ಷ ಬಾಳಿದ ಕಾರು. ಇವತ್ತೊಂದು ದಿನ ಎಂಜಿನ್ ತಣ್ಣಗಾಗಲಿ, ನಾಳೆ ಹತ್ತೀತು ಎಂದುಕೊಂಡ. ಸಂಜೆ ದೀಪ ಕಂಡಿತು. ಅಕ್ಕ ಇದ್ದಾಳೆ, ಅವಸರವಿಲ್ಲ ಎಂದುಕೊಂಡ. ಮರುದಿನವೂ ಹೀಗೆಯೇ ಅಂದುಕೊಂಡ. ದೀಪ ದಿನವೂ ಕಾಣುತ್ತಿದ್ದುದರಿಂದ ಅವನಿಗೆ ದಿನವೂ ಧೈರ್ಯ ಬರುತ್ತಿತ್ತು.

ಒಂದು ಸಂಜೆ ದೀಪ ಕಾಣಲಿಲ್ಲ.

ಅವನು ಕತ್ತಲಲ್ಲಿ ಬಹಳ ಹೊತ್ತು ಕಾದ. ಮೋಡ ಅಡ್ಡ ಬಂದಿರಬೇಕು ಎಂದುಕೊಂಡ. ಆಕಾಶದ ತುಂಬ ನಕ್ಷತ್ರಗಳಿದ್ದವು. ಆಗ ಅವನು ಕಾರಿನೊಳಗೆ ಕೂತು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತ. ಚಿಕ್ಕ ಮಕ್ಕಳು ಅಳುವ ಹಾಗೆ, ಅಕ್ಕನನ್ನು ಕೂಗಿಕೊಂಡು ಅತ್ತ. ಊರಿನವರು ಬಂದು ಸುತ್ತ ನಿಂತರು. ಅವರಲ್ಲಿ ಯಾರಿಗೂ ಏನಾಯಿತೆಂದು ಹೇಳಬೇಕಾಗಲಿಲ್ಲ. ಅವರೆಲ್ಲರಿಗೂ ಬೆಟ್ಟದ ಮೇಲೆ ಒಂದೊಂದು ಕಡೆ ನೋಡುವ ಅಭ್ಯಾಸವಿತ್ತು, ಆ ಕಡೆಗಳಲ್ಲೆಲ್ಲ ಕತ್ತಲಿತ್ತು.

ಮರುದಿನ ಬೆಳಿಗ್ಗೆ ಊರಿನವರು ಕಾರು ಸ್ಟಾರ್ಟ್ ಮಾಡಿದಾಗ ಅವನೂ ಮಾಡಿದ. ತಲೆ ವಾಲಿಸಿ ಕೇಳಿಸಿಕೊಂಡ. ಸದ್ದು ಚೆನ್ನಾಗಿಯೇ ಇತ್ತು.

ಗುರುಗಳು ಮಾತು ನಿಲ್ಲಿಸಿದರು. ಪರಶಿವಮೂರ್ತಿಗೆ ಕತೆ ಮುಗಿಯಿತೋ ಇಲ್ಲವೋ ತಿಳಿಯಲಿಲ್ಲ. "ಅಂಥ ಊರು ಎಲ್ಲಾದರೂ ಇರುತ್ತದೆಯೇ ಬುದ್ಧಿ?" ಎಂದ.

ಗುರುಗಳು ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದರು.

"ನೀನು ಮನೆ ಬಿಟ್ಟು ಈ ಮಠಕ್ಕೆ ಬಂದ ದಿನ, ದಾರಿಯಲ್ಲಿ ಎಲ್ಲಾದರೂ ಏರು ಸಿಕ್ಕಿತ್ತೇ?"