ಒದ್ದೆ ಬಟ್ಟೆಯ ಸೇವೆ

ಮಾಗಿಯ ಚಳಿಯಲ್ಲಿ ದಿನಾ ಬೆಳಿಗ್ಗೆ ಟ್ಯಾಕ್ಸಿಯ ಮುಂದಿನ ಗಾಜಿಗೆ ಒಳಗಡೆಯಿಂದ ಮಂಜು ಕಟ್ಟುತ್ತಿತ್ತು. ಚಾಲಕ ಬೋಪಯ್ಯ ಅದನ್ನು ಬಟ್ಟೆಯಿಂದ ಒರೆಸಿ, ಆ ಒದ್ದೆ ಬಟ್ಟೆಯನ್ನು ಸೀಟಿನ ಪಕ್ಕದಲ್ಲೇ ತುರುಕುತ್ತಿದ್ದ. ಸಂಜೆ ಟ್ಯಾಕ್ಸಿಯನ್ನು ಅಂಗಳದಲ್ಲಿ ನಿಲ್ಲಿಸಿ, ಕಿಟಕಿಗಳನ್ನೆಲ್ಲ ಭದ್ರವಾಗಿ ಏರಿಸಿ ಮನೆಯೊಳಗೆ ಹೋಗುತ್ತಿದ್ದ.

"ಬಾಗಿಲು ಮುಚ್ಚಿದೆ, ಮಳೆಯೂ ಇಲ್ಲ. ನನ್ನ ಮೇಲೆ ಈ ನೀರು ತರುವವರು ಯಾರು?" ಗಾಜು ತಲೆ ಕೆಡಿಸಿಕೊಂಡು ಕೇಳಿತು.

"ಹೊರಗಿನ ಮಂಜಿನದೇ ಕಿತಾಪತಿ," ಎಂದಿತು ಬಟ್ಟೆ.

"ಹೊರಗಿರುವವನು ನಾನು. ನೀರು ಇರುವುದು ಒಳಗಲ್ಲವೇ?" ಎಂದು ವೈಪರ್ ಗೊಣಗಿತು.

"ಒಳಗೆ ಒರೆಸಲು ಬಾರದ ನೀನು ಸುಮ್ಮನಿರು," ಎಂದು ಬಟ್ಟೆ ಗದರಿತು. " ನಾನಿಲ್ಲದಿದ್ದರೆ ಈ ಗಾಡಿ ಎಂದೋ ಹಳ್ಳಕ್ಕೆ ಬೀಳುತ್ತಿತ್ತು!"

ಗಾಜಿಗೆ ಯಾರನ್ನು ನಂಬುವುದೋ ತಿಳಿಯಲಿಲ್ಲ. ಆದರೂ ದಿನಾ ಒರೆಸುವುದು ಬಟ್ಟೆಯೇ ತಾನೆ? "ನೀವೇ ನನ್ನನ್ನು ಕಾಪಾಡಬೇಕು," ಎಂದಿತು.

ಒಂದು ಸಂಜೆ ಬೋಪಯ್ಯ ಬಟ್ಟೆಯನ್ನು ಒಗೆದು ಅಂಗಳದ ತಂತಿಯ ಮೇಲೆ ಹರವಿ, ಅಲ್ಲೇ ಮರೆತ. ಮರುದಿನ ಬೆಳಿಗ್ಗೆ ಗಾಜು ಥಳಥಳ ಹೊಳೆಯುತ್ತಿತ್ತು.

ತಂತಿಯ ಮೇಲಿಂದ ಬಟ್ಟೆ ಗಾಬರಿಯಿಂದ ಕೂಗಿತು: "ನಿನ್ನನ್ನು ಯಾರು ಒರೆಸಿದರು?"

"ಯಾರೂ ಒರೆಸಲಿಲ್ಲ," ಎಂದಿತು ಗಾಜು. "ನೀವು ಒಳಗಿರಲಿಲ್ಲ, ಅಷ್ಟೇ."