ಹಾಲುಹಲ್ಲಿನ ಸೈನಿಕರು

ತೋಳಗಳ ಎರಡು ಹಿಂಡುಗಳು ಒಂದೇ ಗುಡ್ಡಕ್ಕಾಗಿ ಕಾದಾಡುತ್ತಿದ್ದವು. ಮರಿಗಳನ್ನು ಯಾರೂ ಯುದ್ಧಕ್ಕೆ ಇಳಿಸಕೂಡದೆಂದು ಹಲವು ನಾಡುಗಳ ಪ್ರಾಣಿಗಳು ಸೇರಿ ಕಟ್ಟಳೆ ಮಾಡಿದ್ದವು. ಅದನ್ನು ತಿಳಿಸಲು ಹೆಬ್ಬಾತೊಂದು ದೂತನಾಗಿ ಬಂದಾಗ, ಮರಿ ಕಾಣೆಯಾಗಿದ್ದ ಕೆಂಚಿ ಎಂಬ ತಾಯಿತೋಳವೂ ಜೊತೆಗೆ ಹೊರಟಳು. ಅವಳಿಗೆ ತನ್ನ ಹಿಂಡಿನ ದಳಪತಿಯ ಮೇಲೆ ಮಾತ್ರವಲ್ಲ, ದೂತನ ಮೇಲೂ ನಂಬಿಕೆಯಿರಲಿಲ್ಲ.

"ನನ್ನ ದಂಡಿನಲ್ಲಿ ಒಂದು ಮರಿಯೂ ಇಲ್ಲ, ಆಣೆ ಮಾಡಿ ಹೇಳುತ್ತೇನೆ," ಎಂದ ದಳಪತಿ.

"ಬಹಳ ಸಂತೋಷ," ಎಂದು ದೂತ ರೆಕ್ಕೆ ಬಿಚ್ಚಿದ.

ಕೆಂಚಿ ಅಡ್ಡ ನಿಂತಳು. "ಇಷ್ಟಕ್ಕೇ ಹೊರಟುಬಿಟ್ಟಿರಾ? ಇವನ ಸೈನಿಕರಿಗೆ ಬಾಯಿ ತೆರೆಯಲು ಹೇಳಿ, ಸ್ವಾಮಿ."

ದೂತ ಹಿಂದುಮುಂದು ನೋಡಿದ, ಆದರೂ ಹೇಳಿದ. ಮುಂದಿನ ಸಾಲಿನವರ ಬಾಯಲ್ಲೆಲ್ಲ ಹಾಲುಹಲ್ಲು.

"ಇವರು ತಾವಾಗಿಯೇ ಬಂದವರು," ಎಂದು ದಳಪತಿ ಗೊಣಗಿದ.

"ತಾವಾಗಿ ಬಂದರೂ ಕೂಡದು," ಎಂದ ದೂತ. ಈ ಸಲ ಅವನ ದನಿ ಗಟ್ಟಿಯಾಗಿತ್ತು. "ಬಿಟ್ಟುಬಿಡು. ಇಲ್ಲವಾದರೆ ಕಂಡದ್ದನ್ನು ನಾಡುನಾಡಿಗೂ ಸಾರುತ್ತೇನೆ. ನಿನ್ನ ಹಿಂಡಿಗೆ ಯಾವ ಕಾಡೂ ದಾರಿ ಕೊಡದು."

ದಳಪತಿ ಪಕ್ಕಕ್ಕೆ ಸರಿದ.

ಸಾಲಿನ ತುದಿಯಲ್ಲಿ ಕೆಂಚಿಯ ಮಗನಿದ್ದ. ಅವಳು ಕರೆದರೂ ಕದಲದೆ ದಳಪತಿಯ ಮುಖ ನೋಡಿ, "ಅಪ್ಪಣೆಯೇ, ಒಡೆಯಾ?" ಎಂದು ಕೇಳಿದ.

"ಅಪ್ಪಣೆ ಯಾಕೆ ಮಗಾ? ಹಸಿದಿದ್ದೀಯ, ಬಾ," ಎಂದಳು.

ಅವನು ಬಂದ. ಆದರೆ ದಂಡಿನಲ್ಲಿ ಕಲಿಸಿದಂತೆ ಅವಳಿಗಿಂತ ಒಂದು ಹೆಜ್ಜೆ ಹಿಂದೆಯೇ ನಡೆದ. ಮಗ ಪಕ್ಕಕ್ಕೆ ಬರಲಿ ಎಂದು ಕೆಂಚಿ ನಡಿಗೆ ನಿಧಾನ ಮಾಡಿದಳು. ಅವನೂ ನಿಧಾನ ಮಾಡಿದ.